ಮನೆಯೊಳಗೆ ಹೂಜಿ ಗಿಡ: ಕಾಸರಗೋಡು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರ ಕಡೆಯವರು ಹೂಜಿ ಗಿಡದ ಬಗ್ಗೆ ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೂಜಿ ಗಿಡ ಅಂದರೆ ಎಲೆಯ ತುದಿಯಲ್ಲಿ ಹೂಜಿಯಂಥ ಪಾತ್ರೆ ಬಿಟ್ಟು, ಅದರಲ್ಲಿ ಬಿದ್ದ ಹುಳ ತಿನ್ನುವ ಗಿಡ. ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳು ಹೆಚ್ಚಿನವು ಚಳಿ ದೇಶದವರು ಬರೆದದ್ದು. ಹೀಟರ್ ಹಾಕಿ, ಹ್ಯುಮಿಡಿಫೈಯರ್ ಇಡಿ ಎನ್ನುತ್ತಾರೆ. ನಮಗೆ ಅದೆರಡೂ ಬೇಡ. ನಮ್ಮ ತೊಂದರೆಗಳೇ ಬೇರೆ: ಮಾಡಿನ ಕೆಳಗಿನ ಕತ್ತಲು, ಬೋರ್‌ವೆಲ್ ನೀರು, ಮತ್ತೆ ಯಾವ ಗಿಡ ಕಂಡರೂ ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಸುರಿಯುವ ಅಭ್ಯಾಸ.

ನಮ್ಮ ಸೆಕೆಗೆ ಈ ಗಿಡ ಬದುಕುತ್ತದಾ?

ಬದುಕುತ್ತದೆ. ಬೆಂಗಳೂರಿನವರಿಗಿಂತ ನಮಗೇ ಸುಲಭ. ಹೂಜಿ ಗಿಡದ ಹೆಸರು ನೆಪೆಂಥಿಸ್. ಬೋರ್ನಿಯೋ, ಸುಮಾತ್ರಾ, ಫಿಲಿಪ್ಪೀನ್ಸ್ ಅದರ ಮುಖ್ಯ ನೆಲೆ. ಪಶ್ಚಿಮಕ್ಕೆ ಶ್ರೀಲಂಕಾ, ಸೀಶೆಲ್ಸ್, ಮಡಗಾಸ್ಕರ್ ತನಕವೂ ಕೆಲವು ಜಾತಿಗಳಿವೆ. ಅಲ್ಲಿನ ತಗ್ಗು ಪ್ರದೇಶದ ಹವೆಗೂ ನಮ್ಮ ಹವೆಗೂ ದೊಡ್ಡ ವ್ಯತ್ಯಾಸ ಇಲ್ಲ. ಮೈ ಅಂಟಂಟಾಗುವ ಸೆಕೆ ನಮಗೆ ಕಷ್ಟ, ಅದಕ್ಕೆ ಇಷ್ಟ. ಚಳಿಗಾಲದಲ್ಲಿ ನಿದ್ದೆ ಮಾಡುವ ಗಿಡವೂ ಅಲ್ಲ, ವರ್ಷವಿಡೀ ಬೆಳೆಯುತ್ತದೆ. ಸ್ವಲ್ಪ ಗಮನ ಬೇಕಾಗುವುದು ಜನವರಿ, ಫೆಬ್ರವರಿಯ ಒಣ ಹಗಲಿಗೆ, ಮತ್ತೆ ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ.

ಯಾವ ಜಾತಿ ತಗೊಳ್ಳಲಿ?

ಮೊದಲ ಗಿಡಕ್ಕೆ 'ವೆಂಟ್ರಾಟಾ'. ಎರಡು ಜಾತಿ ಕೂಡಿಸಿ ಮಾಡಿದ ಮಿಶ್ರ ತಳಿ ಇದು. ನಮ್ಮ ಕಡೆಯ ನರ್ಸರಿಗಳಲ್ಲಿ ಬರೀ 'ಪಿಚರ್ ಪ್ಲಾಂಟ್' ಅಂತ ಬೋರ್ಡು ಹಾಕಿ ಮಾರುವುದು ಹೆಚ್ಚಾಗಿ ಇದನ್ನೇ. ಸ್ವಲ್ಪ ತಪ್ಪಾದರೂ ಸಹಿಸಿಕೊಳ್ಳುತ್ತದೆ. ಅದು ಕೈಗೆ ಹತ್ತಿದ ಮೇಲೆ ಮಿರಾಬಿಲಿಸ್, ಆಂಪುಲೇರಿಯಾ, ರಾಫ್ಲೇಸಿಯಾನಾ ನೋಡಬಹುದು. ಇವೆಲ್ಲ ತಗ್ಗು ಪ್ರದೇಶದವು, ರಾತ್ರಿಯ ಸೆಕೆಗೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಫೋಟೋ ನೋಡಿ ಮರುಳಾಗಿ 'ರಾಜಾ' ಜಾತಿ ತರಿಸಬೇಡಿ. ಅದು ಬೋರ್ನಿಯೋದ ಕಿನಬಾಲು ಬೆಟ್ಟದ ಕಡೆ, ಸುಮಾರು 1500 ಮೀಟರಿಗಿಂತ ಎತ್ತರದಲ್ಲಿ ಬೆಳೆಯುವ ಗಿಡ. ಅದಕ್ಕೆ ರಾತ್ರಿ ತಂಪು ಬೇಕೇ ಬೇಕು. ಹಾಮಾಟಾ, ವಿಲ್ಲೋಸಾ ಕೂಡ ಹಾಗೆಯೇ. ಕುಂಬಳೆಯ ಮೇ ತಿಂಗಳ ರಾತ್ರಿಯಲ್ಲಿ ಅವು ನಿಧಾನಕ್ಕೆ ಸಾಯುತ್ತವೆ. ಎಷ್ಟು ದುಡ್ಡು ಕೊಟ್ಟಿದ್ದೀರಿ ಎನ್ನುವುದು ಗಿಡಕ್ಕೆ ಗೊತ್ತಿಲ್ಲ.

ಭಾರತದಲ್ಲೇ ಒಂದು ಜಾತಿ ಇದೆಯಂತೆ, ಅದನ್ನು ತರಬಹುದಾ?

ಇದೆ. ನೆಪೆಂಥಿಸ್ ಖಾಸಿಯಾನಾ. ಮೇಘಾಲಯದ ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳದ್ದು. ಗಾರೋ ಬೆಟ್ಟದ ಬಾಘ್‌ಮಾರಾದಲ್ಲಿ ಇದಕ್ಕೆಂದೇ ಒಂದು ರಕ್ಷಿತ ಜಾಗ ಇದೆ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ ಗಿಡ ಇದು. ಕಾಡಿನಿಂದ ಕೀಳುವುದು ಅಪರಾಧ, ಬೆಳೆಸಿ ಮಾರುವುದಕ್ಕೂ ಲೈಸೆನ್ಸ್ ಬೇಕು. ಪ್ರವಾಸಕ್ಕೆ ಹೋದವರು ಬ್ಯಾಗಿನಲ್ಲಿ ತುರುಕಿ ತರುವ ಗಿಡ ಅಲ್ಲವೇ ಅಲ್ಲ. ಮನೆಗೆ ಅಂದ ಬೇಕಾದರೆ ಟಿಶ್ಯೂ ಕಲ್ಚರ್‌ನಲ್ಲಿ ಬೆಳೆಸಿದ ಮಿಶ್ರ ತಳಿಗಳು ಧಾರಾಳವಾಗಿ ಸಿಗುತ್ತವೆ.

ನಮ್ಮ ಪದವಿನಲ್ಲಿ ಕೂಡ ಹುಳ ತಿನ್ನುವ ಗಿಡ ಇದೆ ಅಂತಾರೆ. ಅದೂ ಇದೇ ಜಾತಿಯಾ?

ಬೇರೆ ಜಾತಿ. ಮಳೆಗಾಲದಲ್ಲಿ ಮುರಕಲ್ಲಿನ ಪದವುಗಳಲ್ಲಿ, ಪಾದೆಗಳ ಮೇಲೆ ನಡೆದರೆ ಎರಡು ಬಗೆಯವು ಸಿಗುತ್ತವೆ. ಒಂದು ಡ್ರಾಸೆರಾ. ಎಲೆಯ ಮೇಲೆ ಅಂಟು ಹನಿಗಳಿರುವ ಪುಟ್ಟ ಗಿಡ. ಇನ್ನೊಂದು ಯುಟ್ರಿಕ್ಯುಲೇರಿಯಾ. ಓಣಂ ಹೊತ್ತಿಗೆ ಪದವಿನಲ್ಲಿ ನೀಲಿ ಹಾಸಿದ ಹಾಗೆ ಅರಳುವ ಹೂವು ನೆನಪಿದೆಯಾ? ಮಲಯಾಳದಲ್ಲಿ ಕಾಕ್ಕಪ್ಪೂ ಎಂದು ಕರೆದು ಪೂಕಳಂಗೆ ಹಾಕುತ್ತಾರಲ್ಲ, ಅದೇ. ಅದರ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ, ಒದ್ದೆ ಮಣ್ಣಿನ ಸೂಕ್ಷ್ಮ ಜೀವಿಗಳನ್ನು ಎಳೆದು ನುಂಗುತ್ತವೆ.

ಇವು ಹೂಜಿ ಗಿಡದ ಕುಟುಂಬದವು ಅಲ್ಲ. ಕಷ್ಟ ಮಾತ್ರ ಒಂದೇ. ಮಳೆ ತೊಳೆದು ಸಾರ ಉಳಿಯದ ನೆಲದಲ್ಲಿ ಬೇರಿನಿಂದ ಹೊಟ್ಟೆ ತುಂಬುವುದಿಲ್ಲ, ಹುಳ ಹಿಡಿಯಬೇಕು. ಹೂಜಿ ಗಿಡದ ಆರೈಕೆಯ ಮುಕ್ಕಾಲು ಪಾಲು ಇದರಲ್ಲೇ ಇದೆ. ಬೇರಿಗೆ ಬಡತನವೇ ಒಗ್ಗಿಹೋಗಿದೆ. ಅಲ್ಲಿ ಸಾರ ಕೊಟ್ಟರೆ ಸುಟ್ಟುಹೋಗುತ್ತದೆ.

ಪಾರ್ಸೆಲ್ ಬಂದು ವಾರದೊಳಗೆ ಹೂಜಿಗಳೆಲ್ಲ ಒಣಗಿದವು. ಮೋಸ ಹೋದೆನಾ?

ಹೆಚ್ಚಾಗಿ ಇಲ್ಲ. ಡಬ್ಬದೊಳಗೆ ಕತ್ತಲಲ್ಲಿ ಬಂದ ಗಿಡ ಮೊದಲು ಬಿಡುವುದೇ ಹೂಜಿಗಳನ್ನು. ಎಲೆ ಹಸಿರಾಗಿ ಗಟ್ಟಿ ಇದೆಯಾ, ನಡುವಿನ ಕುಡಿ ಜೀವಂತ ಇದೆಯಾ ನೋಡಿ. ಇದ್ದರೆ ಚಿಂತೆ ಇಲ್ಲ. ಗಿಡದ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರ್ ಸಡಿಲವಾಗಿ ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಎರಡು ವಾರ ಇಡಿ. ಆಮೇಲೆ ದಿನಕ್ಕಿಷ್ಟು ಅಂತ ಕವರ್ ತೆರೆಯುತ್ತಾ ಬನ್ನಿ. ಬಂದ ದಿನವೇ ಪಾಟ್ ಬದಲಿಸುವುದು, ಬೇರು ಬಿಡಿಸಿ ನೋಡುವುದು ಬೇಡ.

ಮನೆಯೊಳಗೆ ಎಲ್ಲಿ ಇಡಬೇಕು?

ನಮ್ಮ ಮನೆಗಳಲ್ಲಿ ದೊಡ್ಡ ಸಮಸ್ಯೆ ಇದೇ. ಮಳೆಯಿಂದ ಗೋಡೆ ಉಳಿಸಲು ಮಾಡು ಇಳಿಸಿ ಕಟ್ಟಿರುತ್ತೇವೆ. ಅಂಗಳದ ಆಚೆ ಅಡಿಕೆ ತೋಟ, ಈಚೆ ಹಲಸಿನ ಮರ. ಒಳಗೆ ನಮಗೆ ಬೆಳಕಿದೆ ಅನಿಸಿದರೂ ಗಿಡಕ್ಕೆ ಅದು ಕತ್ತಲು.

ಪೂರ್ವದ ಕಿಟಿಕಿ ಸಿಕ್ಕಿದರೆ ಬೇರೆ ಏನೂ ಹುಡುಕಬೇಡಿ. ಬೆಳಗಿನ ಎರಡು ಮೂರು ಗಂಟೆ ಎಳೆ ಬಿಸಿಲು, ಉಳಿದ ಹೊತ್ತು ಒಳ್ಳೆಯ ಬೆಳಕು. ಅಷ್ಟು ಸಾಕು. ಪಶ್ಚಿಮದ ಕಿಟಿಕಿಯಾದರೆ ತೆಳು ಬಿಳಿ ಪರದೆ ಇರಲಿ, ಬೇಸಿಗೆಯ ಮೂರು ಗಂಟೆಯ ಬಿಸಿಲಿಗೆ ಎಲೆ ಸುಡುತ್ತದೆ. ಸಿಟೌಟಿನ ಅಂಚು, ಗ್ರಿಲ್ ಹಾಕಿದ ವರಾಂಡಾ ಕೂಡ ಒಳ್ಳೆಯ ಜಾಗ.

ಬೆಳಕು ಸಾಕಾ ಎಂದು ನೋಡಲು ಮಧ್ಯಾಹ್ನ ಗಿಡ ಇಡುವ ಜಾಗದಲ್ಲಿ ಕೈ ಚಾಚಿ. ಕೈಯ ನೆರಳು ಅಂಚು ಕಾಣುವಷ್ಟು ಸ್ಪಷ್ಟವಾಗಿ ಬಿದ್ದರೆ ಪರವಾಗಿಲ್ಲ. ನೆರಳೇ ಕಾಣದಿದ್ದರೆ ಅಲ್ಲಿ ಬೇಡ. ಗಿಡವೂ ಹೇಳುತ್ತದೆ: ಎಲೆ ಕಡು ಹಸಿರಾಗಿ ಉದ್ದಕ್ಕೆ ಜೋತುಬಿದ್ದು ಹೂಜಿ ಬಾರದಿದ್ದರೆ ಬೆಳಕು ಕಡಿಮೆ. ಎಲೆಗೆ ಸ್ವಲ್ಪ ಕೆಂಪು ಛಾಯೆ ಬಂದರೆ ಹದ ಸರಿಯಾಗಿದೆ. ಕಂದು ಕಲೆಗಳಾಗಿ ಒಣಗಿದರೆ ಬಿಸಿಲು ಜಾಸ್ತಿ.

ಕಿಟಿಕಿಯೇ ಇಲ್ಲವೆಂದರೆ ಬಿಳಿ ಎಲ್‌ಇಡಿ ಟ್ಯೂಬ್ ಸಾಕು. ಗಿಡದಿಂದ ಒಂದು ಅಡಿ ಮೇಲೆ ಕಟ್ಟಿ, ದಿನಕ್ಕೆ 12 ಗಂಟೆ ಉರಿಸಿ. ನೇರಳೆ ಬಣ್ಣದ ದುಬಾರಿ ಲೈಟು ಬೇಕಿಲ್ಲ. ಅದರ ಬೆಳಕಲ್ಲಿ ಗಿಡದ ನಿಜವಾದ ಬಣ್ಣವೇ ಕಾಣುವುದಿಲ್ಲ, ಮನೆಗೆ ಬಂದವರು 'ಇದೆಂತ ಮಾರಾಯ್ರೆ' ಅಂತ ಬೇರೆ ಕೇಳುತ್ತಾರೆ.

ಯಾವ ನೀರು ಹಾಕಬೇಕು? ಬಾವಿ ನೀರು ಆಗುತ್ತದಾ?

ಇದಕ್ಕೆ ಉದ್ದ ಉತ್ತರ ಬೇಕು. ಹೆಚ್ಚಿನ ಗಿಡಗಳು ನಿಧಾನವಾಗಿ ಸಾಯುವುದು ನೀರಿನಿಂದಲೇ.

ನೀರಿನಲ್ಲಿ ಕರಗಿರುವ ಉಪ್ಪು, ಸುಣ್ಣ ಎಲ್ಲ ಪಾಟಿನಲ್ಲಿ ಸೇರುತ್ತಾ ಹೋಗುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಒಂದೆರಡು ತಿಂಗಳು ಏನೂ ಗೊತ್ತಾಗುವುದಿಲ್ಲ. ಆಮೇಲೆ ಎಲೆಯ ತುದಿ ಕಪ್ಪಾಗುತ್ತದೆ, ಹೊಸ ಎಲೆ ಸಣ್ಣದಾಗುತ್ತದೆ. ಆದ್ದರಿಂದ ಮೊದಲು ಒಂದು ಟಿಡಿಎಸ್ ಪೆನ್ (ನೀರಿನಲ್ಲಿ ಎಷ್ಟು ಉಪ್ಪು, ಖನಿಜ ಕರಗಿದೆ ಎಂದು ಅಳೆಯುವ ಸಾಧನ) ತಗೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಕಾಣುವ ಅಂಕಿ 50 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಒಳಗಿದ್ದರೆ ಬಹಳ ಒಳ್ಳೆಯದು, 100ರ ತನಕ ವೆಂಟ್ರಾಟಾ ಸಹಿಸುತ್ತದೆ. ಅದರ ಮೇಲೆ ಬೇಡ.

ನಮ್ಮ ಅದೃಷ್ಟ ಏನೆಂದರೆ, ಮುರಕಲ್ಲಿನಲ್ಲಿ ತೋಡಿದ ಬಾವಿಯ ನೀರು ಸಾಮಾನ್ಯವಾಗಿ ಮೃದು, ಸ್ವಲ್ಪ ಹುಳಿ ಗುಣದ್ದು. ಸುರಂಗದ ನೀರೂ ಹಾಗೆಯೇ. ಬಾಯಾರು, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಇಂದಿಗೂ ನೀರು ಬರುವ ಮನೆಗಳಿವೆ. ಮಳೆ ನೀರೇ ಮುರಕಲ್ಲಿನಲ್ಲಿ ಇಂಗಿ ಜಿನುಗುವುದು ಅಲ್ವಾ? ಪೆನ್ ಹಾಕಿ ನೋಡಿ, ಅಂಗಡಿಯಿಂದ ನೀರು ತರುವ ಖರ್ಚೇ ಉಳಿಯಬಹುದು. ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಕೆಲವು ದಿನ ಆ ನೀರು ಗಿಡಕ್ಕೆ ಬೇಡ.

ಬೋರ್‌ವೆಲ್ ನೀರು ಬೇರೆ ಲೆಕ್ಕ. ಆಳಕ್ಕೆ ಹೋದಷ್ಟೂ ಗಡಸು ಇರುವ ಸಂಭವ ಜಾಸ್ತಿ. ಕಡಲ ಬದಿಯ ಬಾವಿಗಳನ್ನು ಬೇಸಿಗೆಯಲ್ಲಿ ಮತ್ತೊಮ್ಮೆ ಅಳೆಯಿರಿ, ಆಟಿಯಲ್ಲಿ ಸಿಹಿಯಾಗಿದ್ದ ನೀರು ಮೇ ತಿಂಗಳಲ್ಲಿ ಸವಳಾಗಿರಬಹುದು. ಕಾಸರಗೋಡು ಪೇಟೆಯವರಿಗೆ ಬೇಸಿಗೆಯ ಉಪ್ಪು ನೀರಿನ ಕಥೆ ನಾನು ಹೇಳಬೇಕಾಗಿಲ್ಲ.

ಆರ್‌ಒ ನೀರು ಆಗುತ್ತದೆ. ಕೆಲವು ಮೆಷಿನ್‌ಗಳು ರುಚಿಗೆಂದು ಖನಿಜ ಸೇರಿಸುತ್ತವೆ, ಆದ್ದರಿಂದ ಅದನ್ನೂ ಅಳೆಯಿರಿ. ಮೆಷಿನ್ ಹೊರಗೆ ಬಿಡುವ ನೀರು ವ್ಯರ್ಥ ಆಗುತ್ತದಲ್ಲಾ ಅಂತ ಗಿಡಕ್ಕೆ ಹಾಕಬೇಡಿ, ಉಪ್ಪೆಲ್ಲ ಇರುವುದು ಅದರಲ್ಲೇ. ಕುದಿಸಿ ಆರಿಸಿದ ನೀರಿನಿಂದಲೂ ಪ್ರಯೋಜನ ಇಲ್ಲ, ಕುದಿಸಿದರೆ ಉಪ್ಪು ಹೋಗುವುದಿಲ್ಲ. ಬಾಟಲಿಯ ಮಿನರಲ್ ವಾಟರ್‌ನಲ್ಲಿ ಹೆಸರೇ ಹೇಳುವ ಹಾಗೆ ಮಿನರಲ್ ಇರುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಮಾಡಿನ ನೀರು. ಮೊದಲ ಕೆಲವು ಮಳೆ ಮಾಡು ತೊಳೆದುಹೋಗಲಿ. ಆಮೇಲೆ ಪ್ಲಾಸ್ಟಿಕ್ ಕ್ಯಾನ್‌ಗಳಲ್ಲಿ ತುಂಬಿ, ಬಾಯಿ ಬಿಗಿಯಾಗಿ ಮುಚ್ಚಿ, ಕತ್ತಲಲ್ಲಿಡಿ. ಸಿಮೆಂಟ್ ತೊಟ್ಟಿಯಲ್ಲಿ ನಿಂತ ನೀರಿಗೆ ಸುಣ್ಣ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಊರಿನಲ್ಲಿ ಒಂದು ಗಿಡಕ್ಕೆ ಬೇಸಿಗೆ ಪೂರ್ತಿ ಸಾಕಾಗುವಷ್ಟು ನೀರು ಹಿಡಿಯುವುದು ದೊಡ್ಡ ವಿಷಯವೇ ಅಲ್ಲ.

ಎಷ್ಟು ಸಲ ನೀರು ಹಾಕಲಿ?

ಕ್ಯಾಲೆಂಡರ್ ನೋಡಬೇಡಿ, ಬೆರಳು ಹಾಕಿ ನೋಡಿ. ಮೇಲಿನ ಪದರ ಸ್ವಲ್ಪ ಆರಿದಾಗ ಪಾಟಿನ ಅಡಿಯಿಂದ ಹರಿದು ಹೋಗುವಷ್ಟು ಹಾಕಿ. ಪೂರ್ತಿ ಒಣಗಬಾರದು, ನೀರಿನಲ್ಲಿ ನಿಂತೂ ಇರಬಾರದು. ವೀನಸ್ ಫ್ಲೈಟ್ರ್ಯಾಪ್ (ಎಲೆ ಮಡಚಿ ಹುಳ ಹಿಡಿಯುವ ಇನ್ನೊಂದು ಗಿಡ) ಸಾಕಿದವರು ಅದೇ ಅಭ್ಯಾಸದಲ್ಲಿ ಇದನ್ನೂ ನೀರು ತುಂಬಿದ ತಟ್ಟೆಯಲ್ಲಿ ಇಡುತ್ತಾರೆ. ಹೂಜಿ ಗಿಡದ ಬೇರು ಅದರಲ್ಲಿ ಕೊಳೆಯುತ್ತದೆ.

ಯಾವ ಮಣ್ಣು? ಹಟ್ಟಿಗೊಬ್ಬರ ಸ್ವಲ್ಪ ಹಾಕಬಹುದಲ್ವಾ?

ಮಣ್ಣೇ ಬೇಡ. ಹಟ್ಟಿಗೊಬ್ಬರ ಬೇಡ, ಸುಡುಮಣ್ಣು ಬೇಡ, ಎರೆಗೊಬ್ಬರ ಬೇಡ, ಜೀವಾಮೃತವೂ ಬೇಡ. ತೋಟದವರ ಮನೆಯಲ್ಲಿ ಈ ಉತ್ತರ ಕೇಳಿದ ಕೂಡಲೇ ಯಾರಾದರೂ ಹಿರಿಯರು 'ಹಾಗಾದರೆ ಅದು ತಿನ್ನುವುದೆಂತ?' ಎನ್ನುತ್ತಾರೆ. ತಿನ್ನುವುದು ಹುಳ, ಅದೂ ಎಲೆಯ ತುದಿಯಿಂದ. ಪಾಟಿನಲ್ಲಿರುವುದು ಬೇರಿಗೆ ಹಿಡಿದುಕೊಳ್ಳಲು ಒಂದು ಆಧಾರ, ಅಷ್ಟೇ.

ಎಲ್ಲರೂ ಹೇಳುವ ಮಿಶ್ರಣ ಒಣ ಸ್ಫ್ಯಾಗ್ನಂ ಪಾಚಿ ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು), ಸಮ ಸಮ. ಎರಡೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಪಾಚಿ ಎಂದ ಕೂಡಲೇ ಕಂಪೌಂಡ್ ಗೋಡೆಯ ಮೇಲೆ ಮಳೆಗಾಲದಲ್ಲಿ ಬರುವ ಹಾವಸೆಯನ್ನು ಕೆರೆದು ತಂದು ಹಾಕುವವರಿದ್ದಾರೆ. ಅದು ಬೇರೆ, ಸ್ವಲ್ಪ ದಿನದಲ್ಲಿ ಕಪ್ಪಾಗಿ ಮುದ್ದೆಯಾಗುತ್ತದೆ.

ಸ್ಫ್ಯಾಗ್ನಂ ದುಬಾರಿ ಅನಿಸಿದರೆ ನಮ್ಮಲ್ಲಿ ತೆಂಗಿನ ಸಿಪ್ಪೆ ಬಿದ್ದಿರುತ್ತದಲ್ಲ, ಅದೇ ಆಗುತ್ತದೆ. ಆದರೆ ತಯಾರಿ ಬೇಕು. ಸಿಪ್ಪೆಯಲ್ಲಿ ಸಹಜವಾಗಿಯೇ ಉಪ್ಪಿನ ಅಂಶ ಇದೆ. ನಾರು ತೆಗೆಯಲು ಸವಳು ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಾದರೆ ಕೇಳುವುದೇ ಬೇಡ. ಸಿಪ್ಪೆಯನ್ನು ಹೆಬ್ಬೆರಳ ಉಗುರಿನಷ್ಟು ದೊಡ್ಡ ತುಂಡು ಮಾಡಿ, ಬಕೆಟ್ ನೀರಿನಲ್ಲಿ ನೆನೆಹಾಕಿ. ಮರುದಿನ ಚಹಾ ಬಣ್ಣದ ನೀರು ಬರುತ್ತದೆ, ಚೆಲ್ಲಿ. ಮತ್ತೆ ನೀರು ಹಾಕಿ. ನೆನೆದ ನೀರಿನ ಟಿಡಿಎಸ್ ನೀವು ಹಾಕಿದ ನೀರಿನ ಹತ್ತಿರ ಹತ್ತಿರ ಬರುವ ತನಕ ಹೀಗೇ ಮಾಡಬೇಕು. ಒಂದೆರಡು ವಾರ ಹಿಡಿಯಬಹುದು. ಅಂಗಡಿಯ ಕೋಕೋಪೀಟ್ ಇಟ್ಟಿಗೆಗೂ ಇದೇ ಕ್ರಮ. ಪ್ಯಾಕೆಟಿನ ಮೇಲೆ 'ತೊಳೆದದ್ದು' ಎಂದಿದ್ದರೂ ಒಮ್ಮೆ ಅಳೆಯುವುದು ಒಳ್ಳೆಯದು. ಬರೀ ಕೋಕೋಪೀಟ್ ಪುಡಿ ನೀರು ಹಿಡಿದು ಗಾಳಿಯಾಡದ ಹಾಗೆ ಮಾಡುತ್ತದೆ, ತುಂಡುಗಳ ಜೊತೆ ಬೆರೆಸಿ.

ಪರ್ಲೈಟ್ ಬದಲು ಗೆರಟೆಯ ಇದ್ದಲನ್ನು ಬೂದಿ ಪೂರ್ತಿ ಹೋಗುವ ಹಾಗೆ ತೊಳೆದು ಹಾಕಬಹುದು. ಕಡಲ ಹೊಯಿಗೆ ಮಾತ್ರ ಯಾವ ಕಾರಣಕ್ಕೂ ಬೇಡ.

ಪಾಟ್ ಪ್ಲಾಸ್ಟಿಕ್‌ದಾಗಲಿ. ಮಣ್ಣಿನ ಚಟ್ಟಿ ಬೇಗ ಒಣಗುತ್ತದೆ, ಉಪ್ಪನ್ನೂ ಹೀರಿಕೊಂಡು ಇಟ್ಟುಕೊಳ್ಳುತ್ತದೆ. ತೂಗುಹಾಕುವ ಪಾಟ್ ಆದರೆ ಹೂಜಿಗಳು ಇಳಿಬಿಟ್ಟು ಚೆಂದ ಕಾಣುತ್ತವೆ.

ಎಲೆ ಚೆನ್ನಾಗಿ ಬರುತ್ತಿದೆ, ಹೂಜಿ ಮಾತ್ರ ಇಲ್ಲ. ಯಾಕೆ?

ಇದೇ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುವುದು.

ಒಂದು ಎಲೆಗೆ ಒಂದೇ ಹೂಜಿ. ಎಲೆಯ ತುದಿಯ ಬಳ್ಳಿ ಉದ್ದವಾಗಿ, ಅದರ ತುದಿ ಬೆಂಕಿಕಡ್ಡಿಯ ತಲೆಯಷ್ಟು ಊದಿ, ಕೆಳಗಿಳಿದು ಮತ್ತೆ ಮೇಲಕ್ಕೆ ಬಾಗುತ್ತದೆ. ಅಲ್ಲಿಂದ ಹೂಜಿ ಉಬ್ಬಿ ಮುಚ್ಚಳ ತೆರೆಯಲು ವಾರಗಟ್ಟಲೆ ಬೇಕು. ನಡುವೆ ಆ ತುದಿ ಒಣಗಿ ಕಪ್ಪಾದರೆ ಆ ಎಲೆಯ ಕಥೆ ಮುಗಿಯಿತು. ಇನ್ನು ಕಾಯಬೇಕಾದ್ದು ಹೊಸ ಎಲೆಗೆ. ಹಾಗಾಗಿ ಇವತ್ತು ಜಾಗ ಬದಲಿಸಿದರೆ ಫಲ ಕಾಣುವುದು ಎರಡು ಮೂರು ತಿಂಗಳ ನಂತರ. ಜನ ಅಷ್ಟು ಕಾಯುವುದಿಲ್ಲ. ವಾರಕ್ಕೊಮ್ಮೆ ಜಾಗ ಬದಲಿಸಿ ಗಿಡವನ್ನು ಇನ್ನೂ ಕಂಗಾಲು ಮಾಡುತ್ತಾರೆ.

ಕಾರಣ ಹುಡುಕುವಾಗ ಮೊದಲು ಬೆಳಕು ನೋಡಿ. ನಮ್ಮ ಕಡೆ ಹೆಚ್ಚಿನ ಸಲ ಅದೇ. ಆಮೇಲೆ ಗಾಳಿಯ ತೇವ. ಮಳೆಗಾಲದಲ್ಲಿ ಬಿಡುತ್ತಿದ್ದ ಗಿಡ ಫೆಬ್ರವರಿಯಲ್ಲಿ ನಿಲ್ಲಿಸಿದರೆ ಒಣ ಹವೆ ಕಾರಣ. ಗಿಡಗಳನ್ನು ಒತ್ತೊತ್ತಾಗಿ ಇಟ್ಟರೆ, ಪಕ್ಕದಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಅದರ ಬಾಯಿಗೆ ಬಲೆ ಕಟ್ಟಿ, ಇಲ್ಲವೇ ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಮೂರನೆಯದು ಗೊಬ್ಬರ. ಮನೆಯಲ್ಲಿ ಬೇರೆಯವರು ನಿಮಗೆ ಹೇಳದೆ ಬುಡಕ್ಕೆ ಏನಾದರೂ ಹಾಕಿದ್ದಾರಾ ಕೇಳಿ ನೋಡಿ. ಬೇರಿನಿಂದ ಸಾರ ಸಿಕ್ಕಿದ ಗಿಡಕ್ಕೆ ಹೂಜಿ ಮಾಡುವ ಗರಜು ಇರುವುದಿಲ್ಲ.

ಮುಚ್ಚಳ ಮುಚ್ಚಿ ಹುಳ ಹಿಡಿಯುತ್ತದಾ?

ಇಲ್ಲ. ಮುಚ್ಚಳ ಒಮ್ಮೆ ತೆರೆದರೆ ಮತ್ತೆ ಮುಚ್ಚುವುದಿಲ್ಲ. ಅದರ ಮುಖ್ಯ ಕೆಲಸ ಮಳೆ ನೀರು ಒಳಗೆ ತುಂಬದ ಹಾಗೆ ತಡೆಯುವುದು. ಅಡಿಯಲ್ಲಿ ಸ್ವಲ್ಪ ಜೇನಿನಂಥ ರಸವೂ ಇರುತ್ತದೆ.

ನಿಜವಾದ ಬಲೆ ಬಾಯಿಯ ಸುತ್ತ ಇರುವ ಗೆರೆಗೆರೆಯ ಅಂಚು. ಅದು ಒದ್ದೆಯಾದಾಗ ಮೇಲೆ ತೆಳು ನೀರಿನ ಪದರ ನಿಲ್ಲುತ್ತದೆ, ಇರುವೆಯ ಕಾಲು ಹಿಡಿತ ತಪ್ಪುತ್ತದೆ. ಇದನ್ನು ವಿಜ್ಞಾನಿಗಳು 2004ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ನೀವೇ ಕೂತು ನೋಡಬಹುದು. ಮಧ್ಯಾಹ್ನ ಅಂಚು ಒಣಗಿರುವಾಗ ಇರುವೆಗಳು ಅದರ ಮೇಲೆ ಸಲೀಸಾಗಿ ಓಡಾಡುತ್ತವೆ, ರಸ ನೆಕ್ಕುತ್ತವೆ, ಹೋಗಿ ಬಳಗವನ್ನೂ ಕರೆದು ತರುತ್ತವೆ. ನೀರು ಚಿಮುಕಿಸಿದ ಮೇಲೆ ಅದೇ ದಾರಿಯಲ್ಲಿ ಬಂದ ಇರುವೆ ಮುಂಗಾಲು ಜಾರಿ, ಹಿಂಗಾಲಲ್ಲಿ ಒಂದು ಕ್ಷಣ ತೂಗಿ, ಒಳಗೆ ಬೀಳುತ್ತದೆ. ಒಳಗೋಡೆಯಲ್ಲಿ ಮೇಣದ ಪುಡಿ, ಹತ್ತಿ ಬರಲು ಆಗುವುದಿಲ್ಲ. ಗ್ರಾಸಿಲಿಸ್ ಎಂಬ ಜಾತಿಯಲ್ಲಿ ಮಾತ್ರ ಮುಚ್ಚಳವೂ ಕೆಲಸ ಮಾಡುತ್ತದೆ: ಮಳೆ ಹನಿ ಬಡಿದಾಗ ಅದು ಅದುರಿ, ಅಡಿಯಲ್ಲಿ ನಿಂತ ಇರುವೆಯನ್ನು ಕೆಳಗೆ ಕೆಡವುತ್ತದೆ.

ಎಲ್ಲ ಜಾತಿಗಳೂ ಹುಳವನ್ನೇ ನೆಚ್ಚಿಲ್ಲ. ಆಂಪುಲೇರಿಯಾ ಮೇಲಿನಿಂದ ಬೀಳುವ ತರಗೆಲೆಯಿಂದಲೂ ಸಾರ ತೆಗೆಯುತ್ತದೆ. ಬೋರ್ನಿಯೋದ ಲೋವಿಯೈ ಜಾತಿಯ ಹೂಜಿಯ ಮೇಲೆ ಅಳಿಲಿನಂಥ ಸಣ್ಣ ಪ್ರಾಣಿಯೊಂದು ಕೂತು ರಸ ನೆಕ್ಕುತ್ತಾ ಹಿಕ್ಕೆ ಹಾಕಿ ಹೋಗುತ್ತದೆ, ಗಿಡಕ್ಕೆ ಅದೇ ಊಟ.

ಮನೆಯೊಳಗೆ ಹುಳ ಎಲ್ಲಿಂದ? ನಾವೇ ತಿನ್ನಿಸಬೇಕಾ?

ನಮ್ಮ ಮನೆಗಳಲ್ಲಿ ಇರುವೆಗೆ ಬರ ಇದೆಯಾ? ಕಿಟಿಕಿ ತೆರೆದಿದ್ದರೆ ಅದರ ಪಾಡಿಗೆ ಅದು ನೋಡಿಕೊಳ್ಳುತ್ತದೆ. ಎಲ್ಲ ಮುಚ್ಚಿದ ಫ್ಲ್ಯಾಟ್ ಆದರೆ ತಿಂಗಳಿಗೊಮ್ಮೆ ಒಂದೆರಡು ಹೂಜಿಗೆ ಸತ್ತ ಸಣ್ಣ ಜಿರಲೆಯೋ ನೊಣವೋ ಹಾಕಿ. ಅಕ್ವೇರಿಯಂ ಮೀನಿನ ಆಹಾರದ ಒಂದು ಕಾಳು ಕೂಡ ಆಗುತ್ತದೆ. ಹಿಟ್ ಹೊಡೆದು ಕೊಂದ ಜಿರಲೆ ಬೇಡ.

ಮಾಂಸ, ಮೊಟ್ಟೆ, ಹಾಲು, ಅನ್ನ ಹಾಕಬೇಡಿ. ಒಣಮೀನು ಹಾಕಿದರೆ ಉಪ್ಪು ಬೇರೆ ಸೇರುತ್ತದೆ. ಜಾಸ್ತಿ ತುರುಕಿದರೆ ಜೀರ್ಣವಾಗದೆ ಹೂಜಿಯೇ ಕೊಳೆತು ನಾರುತ್ತದೆ. ಎರಡು ತಿಂಗಳು ಏನೂ ಕೊಡದಿದ್ದರೆ ಸಾಯುವುದಿಲ್ಲ, ಬೆಳವಣಿಗೆ ನಿಧಾನ ಆಗುತ್ತದೆ ಅಷ್ಟೆ.

ಹೂಜಿಯೊಳಗಿನ ನೀರು ಚೆಲ್ಲಿಹೋಯಿತು. ತುಂಬಿಸಬೇಕಾ?

ಆ ನೀರು ಗಿಡವೇ ಮಾಡಿಕೊಂಡದ್ದು, ಜೀರ್ಣ ಮಾಡುವ ರಸ ಇರುವಂಥದ್ದು. ಬಾಯಿ ತೆರೆಯುವ ಮೊದಲೇ ಒಳಗೆ ತಯಾರಾಗಿರುತ್ತದೆ. ಮಕ್ಕಳು ಬಗ್ಗಿಸಿ ಚೆಲ್ಲಿದರೆ ಹೂಜಿಯ ಕಾಲು ಭಾಗದಷ್ಟು ಮಳೆ ನೀರೋ ಆರ್‌ಒ ನೀರೋ ಹಾಕಿ. ಬಾಯಿ ತನಕ ತುಂಬಬೇಡಿ. ಚೆಲ್ಲದೇ ಇದ್ದರೆ ಸುಮ್ನೆ ಬಿಡಿ.

ಇದರಲ್ಲಿ ಸೊಳ್ಳೆ ಮೊಟ್ಟೆ ಇಡುವುದಿಲ್ಲವಾ? ಡೆಂಗ್ಯೂ ಭಯ.

ಕೇಳಬೇಕಾದ ಪ್ರಶ್ನೆ. ಕಾಡಿನಲ್ಲಿ ಕೆಲವು ಜಾತಿಯ ಸೊಳ್ಳೆ ಮರಿಗಳು ಹೂಜಿಯ ರಸದಲ್ಲೇ ಬದುಕುತ್ತವೆ. ಮನೆಯಲ್ಲಿ ಚುರುಕಾಗಿರುವ ಎಳೆ ಹೂಜಿಯ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಹಳೆಯದಾಗಿ, ಮಳೆ ನೀರು ತುಂಬಿ, ಬರೀ ನೀರಿನ ಪಾತ್ರೆಯಾಗಿ ನಿಂತ ಹೂಜಿಯನ್ನು ಕತ್ತರಿಸಿಬಿಡಿ. ವಾರಕ್ಕೊಮ್ಮೆ ಟಾರ್ಚ್ ಹಾಕಿ ಒಳಗೆ ನೋಡಿ. ಅದಕ್ಕಿಂತ ಮೊದಲು ಪಾಟಿನ ಅಡಿಯ ತಟ್ಟೆ ನೋಡಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಗೆರಟೆ, ರಬ್ಬರ್ ಮರದ ಚಿಪ್ಪು ಇವುಗಳ ಮುಂದೆ ಹೂಜಿಯದ್ದು ಏನೂ ಅಲ್ಲ.

ಈ ಗಿಡ ಇಟ್ಟರೆ ಮನೆಯ ಸೊಳ್ಳೆ ಕಡಿಮೆ ಆಗುತ್ತದಾ ಅಂತಲೂ ಕೇಳುತ್ತಾರೆ. ಆಗುವುದಿಲ್ಲ. ಸೊಳ್ಳೆ ಪರದೆ ಕಟ್ಟಿ.

ಕೆಳಗಿನ ಹೂಜಿಗಳು ಮೇಲಿನಿಂದ ಕಂದಾಗುತ್ತಾ ಬರುತ್ತಿವೆ. ರೋಗವಾ?

ವಯಸ್ಸು. ಒಂದು ಹೂಜಿ ಕೆಲವು ತಿಂಗಳು ಬಾಳುತ್ತದೆ. ಅರ್ಧ ಒಣಗಿದರೂ ಅಡಿಯಲ್ಲಿ ಜೀರ್ಣ ನಡೆಯುತ್ತಿರುತ್ತದೆ, ಪೂರ್ತಿ ಕಂದಾದ ಮೇಲೆ ಕತ್ತರಿಸಿ. ಎಲೆ ಹಸಿರಿದ್ದರೆ ಎಲೆಯನ್ನು ಬಿಡಿ. ಎಲ್ಲ ಹೂಜಿಗಳೂ ಒಟ್ಟಿಗೆ ಒಣಗಿದರೆ ಆಗ ನೀರು, ಬೇರು ನೋಡಬೇಕು.

ಎಸಿ ರೂಮಿನಲ್ಲಿ ಇಡಬಹುದಾ?

ಬೇಡ. ಎಸಿ ಗಾಳಿಯ ತೇವವನ್ನೆಲ್ಲ ಹೀರುತ್ತದೆ, ಹೊಸ ಹೂಜಿಯ ತುದಿ ಒಣಗುತ್ತದೆ. ಫ್ಯಾನ್ ಇದ್ದರೆ ತೊಂದರೆ ಇಲ್ಲ, ನೇರ ಅದರ ಅಡಿಯಲ್ಲಿ ಬೇಡ ಅಷ್ಟೆ.

ಆಟಿಯ ಮಳೆಯಲ್ಲಿ ಎಲೆಗೆ ಕಪ್ಪು ಚುಕ್ಕೆ ಬಂತು.

ಬಟ್ಟೆಯೇ ಒಣಗದ ದಿನಗಳಲ್ಲಿ ಬೂಷ್ಟು ಬರುವುದು ಸಹಜ. ಗಾಳಿ ಆಡಬೇಕು. ಗಾಜಿನ ಡಬ್ಬದೊಳಗೆ ಇಟ್ಟಿದ್ದರೆ ಹೊರಗೆ ತನ್ನಿ. ಸಂಜೆ ಎಲೆಯ ಮೇಲೆ ನೀರು ಚಿಮುಕಿಸಬೇಡಿ. ಚುಕ್ಕೆ ಹರಡಿದ ಎಲೆಯನ್ನು ಕತ್ತರಿಸಿ ತೆಗೆಯಿರಿ.

ಅಡಿಕೆಗೆ ಮದ್ದು ಬಿಡುವ ದಿನ ಒಂದು ನೆನಪಿರಲಿ. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಮತ್ತು ಸುಣ್ಣ ಎರಡೂ ಇದೆ, ಈ ಗಿಡಕ್ಕೆ ಎರಡೂ ಆಗದು. ಸಿಟೌಟಿನಲ್ಲಿದ್ದರೆ ಅವತ್ತು ಒಳಗೆ ತಂದುಬಿಡಿ. ಕೊಳೆರೋಗಕ್ಕೆ ಅಷ್ಟು ಒಳ್ಳೆಯ ಮದ್ದು ಇದಕ್ಕೂ ಆಗಲಿ ಎಂದು ಉಳಿದದ್ದನ್ನು ಚಿಮುಕಿಸುವುದು ಬೇಡ.

ಎಲೆಯ ಸಂದಿಯಲ್ಲಿ ಬಿಳಿ ಹಿಟ್ಟಿನಂಥ ಹುಳ. ಹುಳ ತಿನ್ನುವ ಗಿಡಕ್ಕೂ ಹುಳವಾ?

ಹೌದು, ಅದೇ ತಮಾಷೆ. ಹಿಟ್ಟು ತಿಗಣೆ ರಸ ಹೀರುತ್ತದೆ, ಇರುವೆಗಳು ಅದನ್ನು ಕಾಯುತ್ತವೆ. ಹತ್ತಿಯ ತುದಿಗೆ ಸ್ವಲ್ಪ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ತಾಗಿಸಿ ಒಂದೊಂದನ್ನೇ ಒರೆಸಿ ತೆಗೆಯಿರಿ. ವಾರ ಬಿಟ್ಟು ಮತ್ತೆ ನೋಡಿ, ಮೊಟ್ಟೆ ಒಡೆದು ಬಂದಿರುತ್ತವೆ. ಜಾಸ್ತಿ ಇದ್ದರೆ ತೆಳು ಬೇವಿನೆಣ್ಣೆ ಸಿಂಪಡಣೆ, ಸಂಜೆ ಹೊತ್ತು, ಹೂಜಿಯ ಬಾಯಿಗೆ ಬೀಳದ ಹಾಗೆ.

ಗಟ್ಟಿ ಕೀಟನಾಶಕದ ಹೆಸರು ನಾನು ಹೇಳುವುದಿಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಕಿಟಿಕಿಯ ಒಂದು ಗಿಡಕ್ಕಾಗಿ ಮನೆಯೊಳಗೆ ವಿಷ ತರುವ ಅಗತ್ಯ ಇಲ್ಲ.

ಗಿಡ ಬಳ್ಳಿಯಾಗಿ ಉದ್ದ ಹೋಯಿತು. ಕತ್ತರಿಸಿದರೆ ಸಾಯುತ್ತದಾ?

ಸಾಯುವುದಿಲ್ಲ, ಬುಡದಿಂದ ಹೊಸ ಚಿಗುರು ಬರುತ್ತದೆ. ಕತ್ತರಿಸಿದ್ದರಿಂದ ಹೊಸ ಗಿಡವೂ ಆಗುತ್ತದೆ. ಜೂನ್, ಜುಲೈ ಇದಕ್ಕೆ ಹೇಳಿ ಮಾಡಿಸಿದ ಕಾಲ. ಚೂಪಾದ ಬ್ಲೇಡಿನಲ್ಲಿ ಎರಡು ಮೂರು ಎಲೆ ಇರುವ ತುಂಡು ಕತ್ತರಿಸಿ. ಪ್ರತಿ ಎಲೆಯ ಅರ್ಧ ತೆಗೆದುಬಿಡಿ, ನೀರು ಆರುವುದು ಕಡಿಮೆ ಆಗುತ್ತದೆ. ಒದ್ದೆ ಸ್ಫ್ಯಾಗ್ನಂನಲ್ಲಿ ಊರಿ, ಮೇಲೆ ಕವರ್ ಮುಚ್ಚಿ, ನೆರಳಿನ ಬೆಳಕಿನಲ್ಲಿಡಿ. ಬೇರು ಬರಲು ಒಂದರಿಂದ ಮೂರು ತಿಂಗಳು. ನಡುನಡುವೆ ಎಳೆದು ಬೇರು ಬಂತಾ ನೋಡುವವರಿಗೆ ಬೇರು ಬರುವುದೇ ಇಲ್ಲ.

ಬಳ್ಳಿ ಮೇಲೇರಿದಾಗ ಬರುವ ಹೂಜಿಗಳು ಕೆಳಗಿನವುಗಳ ಹಾಗೆ ಇರುವುದಿಲ್ಲ. ಸಪೂರ, ಬಣ್ಣವೂ ಕಡಿಮೆ. ಗಿಡ ಕೆಟ್ಟಿತು ಎಂದುಕೊಳ್ಳಬೇಡಿ, ಒಂದೇ ಗಿಡದಲ್ಲಿ ಎರಡು ರೂಪ ಇರುವುದು ಸಾಮಾನ್ಯ.

ಹೂವು ಬಂತು. ಬೀಜ ಆಗುತ್ತದಾ?

ಒಂದೇ ಗಿಡ ಇದ್ದರೆ ಆಗದು. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೂವಿಗೆ ಒಂಥರಾ ಮುಗ್ಗಿದ ವಾಸನೆ ಇರುವುದರಿಂದ ಚಾವಡಿಯಲ್ಲಿಟ್ಟವರು ಗೊಂಚಲು ಕತ್ತರಿಸುವುದೇ ಒಳ್ಳೆಯದು.

ಮಕ್ಕಳು, ಬೆಕ್ಕು ಮುಟ್ಟಿದರೆ ಅಪಾಯ ಇದೆಯಾ?

ಬೆರಳು ಹಾಕಿದರೆ ಏನೂ ಆಗುವುದಿಲ್ಲ. ಬೋರ್ನಿಯೋ, ಮಲೇಶಿಯಾ ಕಡೆ ಹೂಜಿಯೊಳಗೆ ಅಕ್ಕಿ ತುಂಬಿ ಬೇಯಿಸಿ ತಿನ್ನುತ್ತಾರೆ, ನಾವು ಮುಂಡೋವಿನ ಎಲೆಯಲ್ಲಿ ಮೂಡೆ ಬೇಯಿಸುವ ಹಾಗೆ. ಮೇಘಾಲಯದಲ್ಲಿ ತೆರೆಯದ ಹೂಜಿಯ ರಸವನ್ನು ಮದ್ದಿಗೆ ಬಳಸುವ ರೂಢಿಯೂ ಇದೆ. ನೀವು ಅದನ್ನು ಕಣ್ಣಿಗೆ, ಬಾಯಿಗೆ ಹಾಕಿ ಪರೀಕ್ಷೆ ಮಾಡಬೇಡಿ. ಬೆಕ್ಕಿನಿಂದ ಗಿಡಕ್ಕೇ ಅಪಾಯ ಜಾಸ್ತಿ, ತೂಗುವ ಹೂಜಿ ಕಂಡರೆ ಅದಕ್ಕೆ ಆಟ.

ಪಾಟ್ ಯಾವಾಗ ಬದಲಿಸಬೇಕು?

ಎರಡು ವರ್ಷಕ್ಕೊಮ್ಮೆ, ಅಥವಾ ಸಿಪ್ಪೆ ತುಂಡುಗಳು ಮೆತ್ತಗಾಗಿ ಕುಸಿದಾಗ. ಬೇರು ಕಪ್ಪು, ಸಪೂರ, ಬೇಗ ತುಂಡಾಗುತ್ತದೆ. ಕಪ್ಪು ಕಂಡು ಕೊಳೆತಿದೆ ಎಂದು ಕತ್ತರಿಸಬೇಡಿ, ಅದರ ಬಣ್ಣವೇ ಅದು. ಕೊಳೆತ ಬೇರು ಮುಟ್ಟಿದರೆ ಪಿಚಕ್ಕನೆ ಜಾರುತ್ತದೆ, ವಾಸನೆಯೂ ಬರುತ್ತದೆ.

ಹತ್ತು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಏನು ಮಾಡಲಿ?

ಮಳೆಗಾಲವಾದರೆ ಹೊರಡುವ ದಿನ ಚೆನ್ನಾಗಿ ನೀರು ಹಾಕಿ ಹೋಗಿ, ಸಾಕು. ಬೇಸಿಗೆಯಲ್ಲಿ ಕಿಟಿಕಿಯಿಂದ ಸ್ವಲ್ಪ ಒಳಕ್ಕೆ ಸರಿಸಿ, ಪಾಟಿನ ಅಡಿಯ ತಟ್ಟೆಯಲ್ಲಿ ಅರ್ಧ ಇಂಚು ನೀರು ನಿಲ್ಲಿಸಿ. ನಿತ್ಯ ಬೇಡ ಎಂದಿದ್ದೆ, ಈ ಒಂದು ಸಲಕ್ಕೆ ಅಡ್ಡಿಯಿಲ್ಲ. ಬಂದ ಕೂಡಲೇ ತಟ್ಟೆ ಚೆಲ್ಲಿ. ನೆರೆಮನೆಯವರಿಗೆ ಒಪ್ಪಿಸುವುದಾದರೆ ನೀರಿನ ಕ್ಯಾನನ್ನೂ ಜೊತೆಗೆ ಕೊಟ್ಟು, ಗೊಬ್ಬರ ಹಾಕಬೇಡಿ ಎಂದು ಚೀಟಿ ಅಂಟಿಸಿ ಹೋಗಿ.